ಗೋಡೆಯಾಚೆಯ ಹಾಡು

ಗೋಡೆಯ ಆಚೆಗೆ ಹಾಡು ಕಳುಹಿಸಲು ಹಿಂದಿನವರಿಗೆ ಯಾವ ಉಪಕರಣವೂ ಬೇಕಾಗಿರಲಿಲ್ಲ. ಗಟ್ಟಿಯಾದ ಕಂಠವೊಂದಿದ್ದರೆ ಸಾಕಾಗಿತ್ತು. ನಮ್ಮ ತಾಯಿಯವರು ಅಡುಗೆಮನೆಯಲ್ಲಿ ಹೇಳಿಕೊಳ್ಳುತ್ತಿದ್ದ ದೇವರನಾಮವು ಪಡಸಾಲೆಯಲ್ಲಿ ಪಾಠ ಓದುತ್ತಿದ್ದ ನಮ್ಮ ಕಿವಿಗೆ ತಾನಾಗಿಯೇ ಬಂದು ಸೇರುತ್ತಿತ್ತು. ಈಗ ಅವರು ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಹಾಡು ಎದುರು ದಿಕ್ಕಿನಲ್ಲಿ ಪ್ರಯಾಣ ಮಾಡಬೇಕಾಗಿದೆ: ನನ್ನ ಓದುವ ಕೋಣೆಯ ಕಂಪ್ಯೂಟರಿನಿಂದ ಅವರ ಮಂಚದ ಬಳಿಯ ಸ್ಟೀರಿಯೊಗೆ. ನಡುವೆ ಎರಡು ಗೋಡೆ, 22 ಅಡಿಗಳ ದೂರ.

ಈ 22 ಅಡಿಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಕುಳಿತಿದ್ದೇನೆ. ವಿಷಯ ಅಲ್ಪವೆಂದು ವಾಚಕರು ಪುಟ ಮಗುಚದಿರಲಿ.

ಮನೆಯಿಂದ ಗಾಳಿಯ ಮೂಲಕ ಸಂಗೀತ ಕಳುಹುವ ಸಾಹಸ ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ 30 ವಾಟಿನ ಪುಟ್ಟ ಯಂತ್ರವೊಂದನ್ನು ಹೂಡಿ ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿಯೇ ತನ್ನದಾಗಿಸಿಕೊಂಡಿತು. ನನ್ನ ಮನೆಯ ವೈಫೈ ಪೆಟ್ಟಿಗೆಯ ಬಲವಾದರೋ ಸುಮಾರಾಗಿ ಒಂದು ವಾಟಿನ ಹತ್ತನೆಯ ಒಂದು ಪಾಲು. ಅವರದು ಊರಿಗೆಲ್ಲ ಕೇಳಿಸಬೇಕಾದ ವಾಣಿ. ನನ್ನದು ಒಬ್ಬ ಮುದುಕಿಗೆ ಕೇಳಿಸಿದರೆ ಸಾರ್ಥಕ.

ಕಂಪ್ಯೂಟರಿನ ಹಾಡನ್ನು ತಂತಿಯಿಲ್ಲದೆ ಬೇರೊಂದು ಕೋಣೆಯ ಸ್ಟೀರಿಯೊಗೆ ತಲುಪಿಸುವ ಪೆಟ್ಟಿಗೆಗಳು ಈ ಶತಮಾನದ ಮೊದಲ ವರ್ಷಗಳಲ್ಲಿ ಬಂದವು. 2004ರಲ್ಲಿ ಆಪಲ್ ಸಂಸ್ಥೆಯು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥ ‘ಏರ್‌ಪೋರ್ಟ್ ಎಕ್ಸ್‌ಪ್ರೆಸ್’ ಎಂಬುದೊಂದನ್ನು ಹೊರತಂದಮೇಲೆ ಈ ಏರ್ಪಾಡು ಸಾಮಾನ್ಯರಿಗೂ ಪರಿಚಿತವಾಯಿತು. ಇದರ ಒಳಗುಟ್ಟು ಸರಳವಾದುದು. ಸಿ.ಡಿ.ಯ ಗುಣಮಟ್ಟದ ಹಾಡೆಂದರೆ ಎರಡು ಕಿವಿಗೂ ಸೆಕೆಂಡಿಗೆ 44,100ರಂತೆ ಅಳೆದಿಟ್ಟ ಅಂಕಿಗಳು. ಕಂಪ್ಯೂಟರು ಆ ಅಂಕಿಗಳನ್ನು ಸಣ್ಣಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳುಹುತ್ತದೆ. ಅತ್ತಣ ಪೆಟ್ಟಿಗೆಯು ಬಂದುದನ್ನು ಬಂದ ಹಾಗೆಯೇ ನುಡಿಸದೆ, ಒಂದೆರಡು ಸೆಕೆಂಡುಗಳಿಗಾಗುವಷ್ಟನ್ನು ಕೂಡಿಟ್ಟುಕೊಂಡು ಅನಂತರ ಬಾಯಿ ತೆರೆಯುತ್ತದೆ. ದಾರಿಯಲ್ಲಿ ಒಂದು ಪೊಟ್ಟಣ ಕಳೆದುಹೋದರೆ ಅದನ್ನು ಮತ್ತೆ ತರಿಸಿಕೊಳ್ಳಲು ಈ ಕೂಡಿಟ್ಟುದೇ ವೇಳೆ ಕೊಡುತ್ತದೆ. ಹತ್ತನೆಯ ಶತಮಾನದ ಡೇನಿಷ್ ಅರಸನೊಬ್ಬನ ಅಡ್ಡಹೆಸರನ್ನು ಹೊತ್ತ ಬ್ಲೂಟೂತೂ ಉಂಟು. ಆದರೆ ಅದು ಸಾಮಾನ್ಯವಾಗಿ ಹಾಡನ್ನು ಹಿಂಡಿ ಕಿರಿದುಮಾಡಿ ಒಯ್ಯುವುದು; ದಪ್ಪ ಗೋಡೆ ಅಡ್ಡ ಬಂದರೆ ಸೋಲುವುದೂ ಉಂಟು. ವೈಫೈಗಾದರೂ ಶತ್ರುಗಳಿಲ್ಲವೆಂದಲ್ಲ. ಅದರ ಅಲೆಗಳಲ್ಲಿ ಒಂದು ಬಗೆಯವು 2.4 ಗಿಗಾಹರ್ಟ್ಸಿನವು, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಅಲ್ಲಿಯೇ ಕೆಲಸ ಮಾಡುತ್ತದೆ. ಸೊಸೆ ಹಾಲು ಬಿಸಿಮಾಡಲು ಹೊರಟರೆ ಕಲ್ಯಾಣಿ ರಾಗಕ್ಕೆ ಬಿಕ್ಕಳಿಕೆ ಹತ್ತುತ್ತದೆ.

ಒಂದೇ ಹಾಡನ್ನು ಎರಡು ಕೋಣೆಗಳಲ್ಲಿ ಏಕಕಾಲಕ್ಕೆ ನುಡಿಸಹೊರಟರೆ ಆಗುವ ಫಜೀತಿ ಬೇರೆಯೇ. ಪ್ರತಿ ಪೆಟ್ಟಿಗೆಯೂ ತನ್ನದೇ ಗಡಿಯಾರವನ್ನು ನಂಬಿ ನಡೆಯುತ್ತದೆ. ಹತ್ತು ಲಕ್ಷಕ್ಕೆ 50ರಷ್ಟು ಅಂತರ ಅವುಗಳ ನಡುವೆ ಇದ್ದರೂ, ತಿದ್ದದೆ ಬಿಟ್ಟರೆ ಒಂದು ಗಂಟೆಯಲ್ಲಿ ಸೆಕೆಂಡಿನ ಐದನೆಯ ಒಂದು ಪಾಲಿನ ಹತ್ತಿರ ವ್ಯತ್ಯಾಸ ಬೀಳುತ್ತದೆ. ಆಗ ನಡುವಿನ ಬಾಗಿಲಲ್ಲಿ ನಿಂತವನಿಗೆ ಒಬ್ಬನೇ ಮೃದಂಗದವನು ತನ್ನ ಬೆನ್ನನ್ನೇ ತಾನು ಅಟ್ಟಿಕೊಂಡು ಓಡುತ್ತಿರುವಂತೆ ಕೇಳಿಸುತ್ತದೆ. ಒಳ್ಳೆಯ ಏರ್ಪಾಡುಗಳಲ್ಲಿ ಈ ಗಡಿಯಾರಗಳು ಆಗಾಗ್ಗೆ ಒಂದನ್ನೊಂದು ಕೇಳಿ ತಿದ್ದಿಕೊಳ್ಳುತ್ತಿರುತ್ತವೆ. ನಮ್ಮ ಪಕ್ಕವಾದ್ಯದವರು ಕಣ್ಣಿನಲ್ಲಿಯೇ ಮಾಡಿ ಮುಗಿಸುವ ಕೆಲಸವಿದು.

ಇದೆಲ್ಲ ಸೋಮಾರಿಗಳ ಬೆಡಗು, ಎದ್ದು ಹೋಗಿ ಕ್ಯಾಸೆಟ್ಟು ಹಾಕಿದರಾಗದೆ, ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಕೋಣೆಕೋಣೆಗೂ ಹರಿದ ಸಂಗೀತವು ಫ್ಯಾನಿನ ಸದ್ದಿನಂತಾಗಿ, ಕೇಳುವವರೇ ಇಲ್ಲದಾಗುತ್ತದೆ ಎಂಬುದು ಅವರ ಇನ್ನೊಂದು ಮಾತು. ಎರಡನೆಯದನ್ನು ನಾನು ಅಲ್ಲಗಳೆಯಲಾರೆ. ದಿನವಿಡೀ ಹಾಡು ಹರಿಯುವ ಮನೆಗಳನ್ನು ಕಂಡಿದ್ದೇನೆ. ಆದರೆ ತಂದೆಯವರು ಬಿಟ್ಟುಹೋದ ಕ್ಯಾಸೆಟ್ಟುಗಳ ನಾಡಾ ಅಂಟಂಟಾಗಿ, ಅವನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುವುದರಲ್ಲಿ ನನಗೆ ಎರಡು ಬೇಸಗೆ ಕಳೆದವು. ಆ ಯಂತ್ರವನ್ನು, ಅದರ ಬೆಳಕನ್ನೂ ಗೊರಗೊರ ಸದ್ದನ್ನೂ, ರೋಗಿಯ ಕೋಣೆಯಲ್ಲಿ ಇಡುವುದು ಬೇಡವೆಂದೇ ನಾನು ಈ ಏರ್ಪಾಡಿಗೆ ಕೈಹಾಕಿದ್ದು. ಕೆಲಸದ ಮೇಜು ಒಂದು ಕಡೆ, ಸಂಗೀತ ಇನ್ನೊಂದು ಕಡೆ ಇರುವುದರಲ್ಲಿ ಒಂದು ಮರ್ಯಾದೆಯೂ ಉಂಟೆಂದು ನನ್ನ ಅಭಿಪ್ರಾಯ.

ನನ್ನ ನಿಜವಾದ ತಕರಾರು ಬೇರೆಡೆ ಇದೆ. ಮೊದಲು ಕೊಂಡ ಪೆಟ್ಟಿಗೆ ಮೂರು ವರ್ಷ ಚೆನ್ನಾಗಿ ನುಡಿಯಿತು. ಒಂದು ಬೆಳಗ್ಗೆ ಮೂಕವಾಯಿತು. ಕೆಟ್ಟಿರಲಿಲ್ಲ, ಮಾಡಿದ ಸಂಸ್ಥೆಯವರು ಕಡಲಾಚೆಯ ತಮ್ಮ ಕಂಪ್ಯೂಟರನ್ನು ನಿಲ್ಲಿಸಿದ್ದರು. ಪ್ರತಿ ಸಲವೂ ಇದು ಅಲ್ಲಿಗೆ ಹೋಗಿ ಅಪ್ಪಣೆ ಪಡೆದು ಬಂದು ಹಾಡುತ್ತಿತ್ತೆಂದು ಆಗಲೇ ನನಗೆ ತಿಳಿದದ್ದು. ಹಾಡು ನನ್ನದು, ಸ್ಟೀರಿಯೊ ನನ್ನದು, ಗೋಡೆಗಳೂ ನನ್ನವೇ. 22 ಅಡಿ ದಾಟಲು ಸಪ್ತಸಾಗರದಾಚೆಯ ದೊರೆಯ ರಹದಾರಿ ಏಕೆ ಬೇಕು? ಇಂಥ ಪೆಟ್ಟಿಗೆಯನ್ನು ಮಾರುವವರು, ನಮ್ಮ ಬಾಗಿಲು ಮುಚ್ಚಿದ ದಿನ ಇದೂ ಮುಚ್ಚುವುದೆಂದು ಮೇಲೆಯೇ ಅಚ್ಚುಮಾಡಿಸತಕ್ಕದ್ದೆಂಬ ಕಟ್ಟಳೆ ಬರಬೇಕು.

ಬೇರೆ ದಾರಿಯಿಲ್ಲವೆಂಬ ಮಾತೂ ಸುಳ್ಳು. ‘ಸ್ಕ್ವೀಜ್‌ಬಾಕ್ಸ್’ ಎಂಬ ಪೆಟ್ಟಿಗೆಗಳನ್ನು ಲಾಜಿಟೆಕ್ ಸಂಸ್ಥೆಯು 2012ರಲ್ಲಿ ನಿಲ್ಲಿಸಿತು. ಆದರೂ ಅವು ಇಂದಿಗೂ ಹಾಡುತ್ತಿವೆ. ಅವುಗಳನ್ನು ನಡೆಸುವ ಪ್ರೋಗ್ರಾಮು ಯಾರು ಬೇಕಾದರೂ ಓದಿ ತಿದ್ದಬಹುದಾದಂಥದು. ಬಳಸುವವರೇ ಅದನ್ನು ಕಾಪಾಡಿಕೊಂಡು ಬಂದು, 2024ರಲ್ಲಿ ‘ಲಿರಿಯನ್’ ಎಂಬ ಹೊಸ ಹೆಸರನ್ನೂ ಇಟ್ಟರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೂಲೆಗೆ ಬಿದ್ದಿದ್ದ ಅಂಗೈಯಗಲದ ಕಂಪ್ಯೂಟರಿಗೆ ಅದನ್ನೇ ಹಾಕಿಕೊಟ್ಟು, ಕಾಫಿ ಕುಡಿದು ಹೋದನು. ಮನೆಯ ಇಂಟರ್ನೆಟ್ಟು ಕಡಿದು ಬಿದ್ದ ದಿನವೂ ಹಾಡು ನಿಲ್ಲಲಿಲ್ಲ.

ತಾಯಿಯವರಿಗೆ ಈ ಜಗಳದ ಗೊಡವೆಯಿಲ್ಲ. ಅವರ ಊರುಗೋಲು ಮಂಚದ ಪಕ್ಕದಲ್ಲಿಯೇ ಇರುತ್ತದೆ. ಗೋಡೆಗೆ ಒಂದು ಸಲ ಬಡಿದರೆ ಸದ್ದು ತಗ್ಗಿಸು ಎಂದರ್ಥ, ಎರಡು ಸಲ ಬಡಿದರೆ ಅದೇ ಹಾಡು ಇನ್ನೊಮ್ಮೆ. ನಿನ್ನೆ ರಾತ್ರಿ ಎರಡು ಸಲ ಬಡಿದರು.