ಊರಿಗೊಬ್ಬ ಈಜು ಶಿಕ್ಷಕ ಬೇಕು

ಮಲೆನಾಡಿನ ಮಕ್ಕಳು ಕೆರೆ, ಹಳ್ಳ, ಹೊಳೆಗಳ ನಡುವೆಯೇ ಬೆಳೆಯುತ್ತಾರೆ. ಆದರೆ ಒಣಗಿದ ಸೋರೆಬುರುಡೆಯನ್ನೋ ಬಾಳೆದಿಂಡನ್ನೋ ಕಟ್ಟಿ ಅವರನ್ನು ಕೆರೆಗಿಳಿಸುತ್ತಿದ್ದ ಅಣ್ಣಂದಿರು, ಮಾವಂದಿರು ಉದ್ಯೋಗವನ್ನರಸಿ ಪಟ್ಟಣ ಸೇರಿದ್ದಾರೆ. ಈಜು ಇಂದು ಪಟ್ಟಣದ ಸಾರ್ವಜನಿಕ ಈಜುಕೊಳದಲ್ಲಿ, ಬೇಸಿಗೆ ರಜೆಯಲ್ಲಿ, ಶುಲ್ಕ ತೆತ್ತು ಕಲಿಯುವ ವಿದ್ಯೆಯಾಗುತ್ತಿದೆ.

ಆ ಕೊಳದ ಶಿಕ್ಷಕನ ಕೆಲಸವೆಂದರೆ ಕೈಕಾಲು ಬಡಿಯಲು ಕಲಿಸುವುದಷ್ಟೇ ಅಲ್ಲ. ಮೊದಲ ಪಾಠ ಉಸಿರಿನದು: ನೀರಿನಲ್ಲಿ ಮುಖವಿಟ್ಟು ಉಸಿರು ಬಿಡುವುದು, ಅನಂತರ ಅಂಗಾತ ತೇಲುವುದು. ಅದಕ್ಕಿಂತ ಹಿರಿದಾದ ಹೊಣೆ, ಎಲ್ಲರ ಮೇಲೂ ಕಣ್ಣಿಟ್ಟಿರುವುದು. ಮುಳುಗುತ್ತಿರುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಾಡುವುದೇ ದುಸ್ತರವಾದವರಿಗೆ ಕೂಗಲು ಉಸಿರೆಲ್ಲಿಯದು? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕಿಳಿದು, ನಿಮಿಷದೊಳಗೆ ಮಗು ಸದ್ದಿಲ್ಲದೆ ಮರೆಯಾಗಬಹುದು. ಇದನ್ನು ಗುರುತಿಸುವ ಕಣ್ಣು ತರಬೇತಿಯಿಂದಲೇ ಬರತಕ್ಕದ್ದು.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಹಾಗೆಂದು ಊರೂರಿಗೆ ಈಜುಕೊಳ ಕಟ್ಟಿಸಬೇಕೆ? 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಕೊಳ ತುಂಬಲು ನಾಲ್ಕೂವರೆ ಲಕ್ಷ ಲೀಟರಿಗೂ ಮಿಕ್ಕಿ ನೀರು ಬೇಕು. ಕ್ಲೋರಿನ್, ಶೋಧಕ ಯಂತ್ರ, ವಿದ್ಯುತ್ತಿನ ವೆಚ್ಚ ಬೇರೆ.

ಬಾಂಗ್ಲಾದೇಶ ಅನ್ಯಮಾರ್ಗವನ್ನು ತೋರಿದೆ. ಅಲ್ಲಿನ ‘ಸ್ವಿಮ್‌ಸೇಫ್’ ಕಾರ್ಯಕ್ರಮದಲ್ಲಿ ಊರ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿ, ಊರಿನವರನ್ನೇ ಶಿಕ್ಷಕರನ್ನಾಗಿ ತರಬೇತುಗೊಳಿಸಲಾಯಿತು. ಮಗು 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು, ಮುಳುಗುವವರನ್ನು ದಡದಿಂದಲೇ ರಕ್ಷಿಸುವುದನ್ನು ಅರಿಯಬೇಕು. ಈಜುಕೊಳದ ತಿಳಿನೀರಿನಲ್ಲಿ ತಳ ಕಾಣುತ್ತದೆ; ಕೆರೆಯ ಕದಡಿದ ನೀರಿನಲ್ಲಿ ಕಾಣದು. ಆದ್ದರಿಂದಲೇ ಮಗುವಿನ ಕಾಲಿಗೆ ಆಸರೆಯಾಗುವ ಅಟ್ಟಣೆ ಅನಿವಾರ್ಯ. ಬಿದಿರು ಮಲೆನಾಡಿಗೆ ಹೊಸತೇನೂ ಅಲ್ಲ.

ಈಜು ಬಂದ ಮಾತ್ರಕ್ಕೆ ಮಳೆಗಾಲದ ಹೊಳೆಗೆ ಧುಮುಕಬಹುದೆಂದಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಜಾರುವ ಅಂಚಿನಲ್ಲಿ ಈಜು ಬಲ್ಲವರೂ ಮೇಲೇರಲಾರರು. ಅಲ್ಲಿ ಬೇಲಿಯೂ ಇಳಿಬಿಟ್ಟ ಹಗ್ಗವೂ ಇರಲೇಬೇಕು. ಮುಳುಗುವವರನ್ನು ಕಂಡೊಡನೆ ಹಾರದೆ ದೋಟಿ ಚಾಚುವುದು, ಖಾಲಿ ಕ್ಯಾನು ಎಸೆಯುವುದು. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುತ್ತಲೋ ತಲೆಕೆಳಗಾಗಿ ತಿರುಗಿಸುತ್ತಲೋ ಹೊತ್ತು ಕಳೆಯದೆ, ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ತುಂಬಿ, ಎದೆಯನ್ನು ಒತ್ತುವುದು: ಇವೂ ಈಜು ಶಿಕ್ಷಣದ ಪಾಠಗಳೇ.

ಗ್ರಾಮ ಪಂಚಾಯತಿಗಳು ಊರಿನ ಯುವಕ ಯುವತಿಯರನ್ನು ಆಯ್ದು, ತರಬೇತಿ ಕೊಡಿಸಿ, ಗೌರವಧನ ನೀಡಿ ಈ ಕೆಲಸಕ್ಕೆ ನೇಮಿಸಲಿ. ಶಿಕ್ಷಕಿಯಿದ್ದರೆ ಹೆಣ್ಣುಮಕ್ಕಳೂ ಹಿಂಜರಿಯದೆ ನೀರಿಗಿಳಿದಾರು. ಮಕ್ಕಳು ಈಜುವ ಕೆರೆಗೆ ಕಸ ಸುರಿಯಲು ಯಾರ ಕೈಯೂ ಸುಲಭವಾಗಿ ಮುಂದಾಗದು. ಕೆರೆಯೂ ಉಳಿದೀತು, ಮಕ್ಕಳೂ ಉಳಿದಾರು.