ಕೊಕ್ಕರೆಯ ತವರು

ಮನುಷ್ಯನ ನೆರೆಹೊರೆ ಹಕ್ಕಿಗಳಿಗೆ ಅಪಾಯಕರವೆಂಬುದು ಸಾಮಾನ್ಯ ನಂಬಿಕೆ. ಇದಕ್ಕೆ ಅಪವಾದವಾದ ಊರೊಂದು ನಮ್ಮ ನಾಡಿನಲ್ಲಿದೆ. ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಮನೆಗಳ ನಡುವೆ ಬೆಳೆದ ಹುಣಿಸೆ ಮುಂತಾದ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ.

ಬಣ್ಣದ ಕೊಕ್ಕರೆ ಸುಮಾರು 3 ಅಡಿ ಎತ್ತರದ ಹಕ್ಕಿ. ಬಿಳಿಯ ಮೈ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಬಳಿ ಗುಲಾಬಿ ಛಾಯೆ, ತುದಿಯಲ್ಲಿ ತುಸು ಬಾಗಿದ ಹಳದಿ ಕೊಕ್ಕು. ಆಫ್ರಿಕಾ ಖಂಡದ ಜೌಗುನೆಲಗಳಲ್ಲಿ ಬಾಳುವ ಹಳದಿ ಕೊಕ್ಕಿನ ಕೊಕ್ಕರೆ ಇದರ ಹತ್ತಿರದ ದಾಯಾದಿ. ಎರಡರ ಬೇಟೆಯ ಕ್ರಮವೂ ಒಂದೇ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ, ಕಾಲಿನಿಂದ ಕೆಸರು ಕಲಕುತ್ತ ನಡೆಯುತ್ತವೆ. ಮೀನು ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಣ್ಣಿಗಿಂತ ಸ್ಪರ್ಶವನ್ನೇ ನಂಬಿದ ಈ ಬೇಟೆಗೆ ತಗ್ಗಾದ ನೀರು ಬೇಕು. ಕೆರೆ ಬತ್ತಿದರೆ ಅದಕ್ಕೆ ಅನ್ನವಿಲ್ಲ. ಅಂಚಿನವರೆಗೂ ಆಳವಾಗಿ ತೋಡಿದರೂ ಅನ್ನವಿಲ್ಲ.

ಬೆಳ್ಳೂರಿನವರು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಮರದಡಿಯಲ್ಲಿ ಬಿದ್ದ ಹಿಕ್ಕೆ ಅವರ ಹೊಲಗಳಿಗೆ ಗೊಬ್ಬರವಾಗುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ವೈಶಿಷ್ಟ್ಯವನ್ನು ಹೊರಜಗತ್ತಿಗೆ ಪರಿಚಯಿಸಿದರು. 2007ರಲ್ಲಿ ಸರಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಆದರೆ ಪ್ರೀತಿಯೊಂದರಿಂದಲೇ ಸಂಸಾರ ಸಾಗದು. ಗೂಡುಗಳಿರುವ ಮರದ ಹುಣಿಸೆಯ ಫಸಲು ಕೈಬಿಟ್ಟು ಹೋಗುತ್ತದೆ. ಅದನ್ನು ಕಡಿದು ಮಾರಿದರೆ ಒಡೆಯನಿಗೆ ಒಮ್ಮೆಗೇ ಹಣ ದೊರೆಯುತ್ತದೆ. ಆದುದರಿಂದ ಅರಣ್ಯ ಇಲಾಖೆ ಅಂಥ ಮರಗಳಿಗೆ ಪರಿಹಾರಧನ ಕೊಡುವ ಏರ್ಪಾಡು ಮಾಡಿತು. ಇದನ್ನು ಕೆಲವರು ಸರಕಾರದ ಔದಾರ್ಯವೆನ್ನಬಹುದು. ನನ್ನ ದೃಷ್ಟಿಯಲ್ಲಿ ಇದು ಋಣಸಂದಾಯ. ಹಕ್ಕಿ ಇಡೀ ನಾಡಿನ ಸೊತ್ತಾಗಿರುವಾಗ, ಅದನ್ನು ಪೊರೆಯುವ ಹೊರೆಯನ್ನು ಒಂದೇ ಊರಿನ ರೈತನು ಹೊರಬೇಕೆನ್ನುವುದು ನ್ಯಾಯವೇ? ಆ ಹಣವು ಕಾಲಕ್ಕೆ ಸರಿಯಾಗಿ, ಬೆಲೆಗಳಿಗೆ ತಕ್ಕಂತೆ ಸಂದಾಗಲೇ ಋಣ ತೀರೀತು.

ಬೆಳ್ಳೂರಿನ ಪಾಠ ಬೆಳ್ಳೂರಿಗಷ್ಟೇ ಸೀಮಿತವಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಹರಿಯುವ ನಮ್ಮ ಚಿಕ್ಕೋಡಿ ಸೀಮೆಗೂ ಅದು ಅನ್ವಯಿಸುತ್ತದೆ. ಹೊಳೆಯ ದಂಡೆಯವರೆಗೂ ಕಬ್ಬು ಹಬ್ಬಿಸುವ ಆತುರದಲ್ಲಿ ನಾವು ಹಿರಿಯ ಮರಗಳನ್ನು ಉರುಳಿಸಬಾರದು. ತಗ್ಗಿನ ನೀರನ್ನು ನಿರುಪಯುಕ್ತವೆಂದು ಮುಚ್ಚಬಾರದು. ಮರ ಮತ್ತು ನೀರು ಎರಡೂ ಉಳಿದಲ್ಲಿ ಮಾತ್ರ ಕೊಕ್ಕರೆ ಮರಿಮಾಡಬಲ್ಲದು. ಒಂದನ್ನುಳಿಸಿ ಇನ್ನೊಂದನ್ನು ಅಳಿಸಿದರೆ, ಆದರದ ಮಾತುಗಳಿಂದ ಅದರ ಮರಿಗಳ ಹೊಟ್ಟೆ ತುಂಬುವುದಿಲ್ಲ.