ಒಂದ್ಸಲ ಬಂದು ಹೋದ್ರೆ ಮುಗೀತಾ?

ಮುಂಗಾರು ಬಿತ್ತನೆ ಶುರುವಾಗಿದೆ. ಮುಯ್ಯಾಳು ಲೆಕ್ಕದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗ್ಲೇಬೇಕು. ಆದ್ರೆ ಕೊರೊನಾ ಮಾತು ತೆಗೆದ್ರೆ ಎಲ್ಲಾ ಕಡೆ ಒಂದೇ ಉತ್ತರ: "ನಂಗೆ ಏಪ್ರಿಲ್ಲಲ್ಲೇ ಬಂದೋಯ್ತು ಕಣಣ್ಣ, ಇನ್ನ ಬರಲ್ಲ. ಮಾಸ್ಕೂ ಬೇಡ, ಸೂಜೀನೂ ಬೇಡ."

ದನ ಸಾಕೋ ನಾವು ಈ ಮಾತನ್ನ ಅಷ್ಟು ಸಲೀಸಾಗಿ ನಂಬಬಾರದು. ಹಿಂದೆ ದನಕ್ಕೆ ದೊಡ್ಡರೋಗ ಬರ್ತಿತ್ತಲ್ಲ, ರಿಂಡರ್‌ಪೆಸ್ಟ್, ಅದು ಬಂದು ಬದುಕಿದ ದನಕ್ಕೆ ಸಾಯೋತನಕ ಮತ್ತೆ ಬರ್ತಿರಲಿಲ್ಲ. ಲಸಿಕೆಯಿಂದಲೇ ಆ ರೋಗ ತೊಲಗಿ, 2011ರಲ್ಲಿ ಇಡೀ ಜಗತ್ತೇ ಮುಕ್ತ ಅಂತ ಘೋಷಣೆ ಆಯ್ತು. ಕಾಲುಬಾಯಿ ಜ್ವರ ಹಂಗಲ್ಲ. ನಮ್ಮ ದೇಶದಲ್ಲಿ ಅದರ ವೈರಸ್ಸು ಓ, ಎ, ಏಷ್ಯಾ-1 ಅಂತ ಮೂರು ಬಗೆ. ಒಂದು ಬಗೆ ಬಂದು ಹೋಗಿದ್ರೂ ಇನ್ನೊಂದು ಬಗೆ ಬರಬಹುದು. ಲಸಿಕೆ ಬಲವೂ ಬೇಗ ಇಳಿಯುತ್ತೆ, ಅದಕ್ಕೇ ಆರು ತಿಂಗಳಿಗೊಮ್ಮೆ ಹಾಕಿಸ್ತೀವಿ.

ಕೊರೊನಾ ಯಾವ ಜಾತಿಗೆ ಸೇರಿದ್ದು? 2021ರಲ್ಲಿ ಯಾರೂ ಖಚಿತವಾಗಿ ಹೇಳ್ತಿರಲಿಲ್ಲ. ಆಗ ರೋಗ ಬಂದೇ ಒಂದೂವರೆ ವರ್ಷ ಆಗಿತ್ತು, ಹತ್ತು ವರ್ಷದ ಲೆಕ್ಕ ಎಲ್ಲಿಂದ ತರೋಕಾಗ್ತಿತ್ತು? ಬಂದು ಹೋದವರಿಗೆ ರಕ್ಷಣೆಯೇ ಇಲ್ಲ ಅಂತಲ್ಲ, ಕೆಲವು ತಿಂಗಳು ಇರುತ್ತೆ. ಆದ್ರೆ 2020ರ ಆಗಸ್ಟ್‌ನಲ್ಲೇ ಹಾಂಗ್‌ಕಾಂಗ್‌ನ ಒಬ್ಬರಿಗೆ ನಾಲ್ಕೂವರೆ ತಿಂಗಳ ನಂತರ ಮತ್ತೆ ಬಂದದ್ದು ಸಾಬೀತಾಯ್ತು. ಎರಡನೇ ಸಲ ಅವರಿಗೆ ಜ್ವರವಿಲ್ಲ, ಕೆಮ್ಮಿಲ್ಲ. ವಿಮಾನ ನಿಲ್ದಾಣದಲ್ಲಿ ಟೆಸ್ಟ್ ಮಾಡಿದ್ದಕ್ಕೆ ಗೊತ್ತಾಯ್ತು. ನನಗೆ ಭಯ ಇರೋದು ಇದೇ. ನಮ್ಮ ಹೊಲದ ಬದುವಿನಲ್ಲಿ ಯಾರು ಟೆಸ್ಟ್ ಮಾಡ್ತಾರೆ? ನಮಗೇನೂ ಆಗದೆ ಮನೇಲಿರೋ ಅಜ್ಜಿಗೆ ದಾಟಿಸಿಬಿಟ್ರೆ?

ಬ್ರೆಜಿಲ್‌ನ ಮನೌಸ್ ಊರಲ್ಲಿ 2020ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲು ಪಾಲು ಜನಕ್ಕೆ ಬಂದು ಹೋಗಿರಬಹುದು ಅಂತ ಅಂದಾಜು ಮಾಡಿದ್ರು. ಇನ್ನ ಅಲ್ಲಿಗೆ ಬರಲ್ಲ ಅಂದ್ಕೊಂಡ್ರು. 2021ರ ಜನವರೀಲಿ ಹೊಸ ತಳಿ ಬಂತು, ಆಸ್ಪತ್ರೆಗಳಲ್ಲಿ ಆಕ್ಸಿಜನ್ ಖಾಲಿಯಾಯ್ತು.

"ಡಾಕ್ಟ್ರಿಗೇ ಗೊತ್ತಿಲ್ಲ ಅಂದ್ಮೇಲೆ ನಾವ್ಯಾಕೆ ತಲೆ ಕೆಡಿಸ್ಕೋಬೇಕು" ಅಂತಾರೆ ಕೆಲವರು. ಮಳೆ ಯಾವತ್ತು ಬರುತ್ತೆ ಅಂತ ಯಾರಿಗೆ ಗೊತ್ತು? ಹಂಗಂತ ಬೀಜ ಗೊಬ್ಬರ ತರದೆ ಕೂತಿದ್ದೀವಾ? ಗೊತ್ತಿಲ್ಲದ್ದಕ್ಕೇ ತಯಾರಿ ಬೇಕು.

ಬಂದು ಹೋದವರು ವಾಸಿಯಾಗಿ 3 ತಿಂಗಳಾದ ಮೇಲೆ ಲಸಿಕೆ ಹಾಕಿಸ್ಕೋಬೇಕು ಅಂತ 2021ರಲ್ಲಿ ಸರ್ಕಾರದ ಸೂಚನೆ ಇತ್ತು. ಏಪ್ರಿಲ್ಲಲ್ಲಿ ವಾಸಿಯಾದವರಿಗೆ ಜುಲೈಗೆ ಸರಿಹೋಗ್ತಿತ್ತು. ಮುಯ್ಯಾಳಿಗೆ ಹೋಗಿ, ಬೇಡ ಅನ್ನಲ್ಲ. ದೂರ ದೂರ ಕೂತು ಉಣ್ಣಿ, ನೀರಿನ ಚೊಂಬು ನಿಮ್ಮದೇ ತಗೊಂಡೋಗಿ, ಟ್ರ್ಯಾಕ್ಟರ್ ಟ್ರೈಲರಲ್ಲಿ ಹತ್ತಿಪ್ಪತ್ತು ಜನ ಒತ್ತಿಕೊಂಡು ಹೋಗಬೇಡಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದ್ರೆ "ನಮಗೆ ಬಂದೋಯ್ತು" ಅಂತ ವಾಪಸ್ ಕಳಿಸಬೇಡಿ.

ಹಸೂಗೆ ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸೋರು ನಾವು. ನಮಗೂ ಹಾಕಿಸ್ಕೊಳ್ಳೋಣ.